ವಿಲ್ಲಿ ಹೆನ್ನಿಗ್

ವಿಲ್ಲಿ ಹೆನ್ನಿಗ್ (20 ಏಪ್ರಿಲ್ 1913 – 5 ನವೆಂಬರ್ 1976) ಜರ್ಮನಿಯ ಪ್ರಸಿದ್ಧ ಕೀಟವಿಜ್ಞಾನಿ ಮತ್ತು ಜೀವಿವರ್ಗೀಕರಣ ಶಾಸ್ತ್ರಜ್ಞರು. ಇವರ ಪೂರ್ಣ ಹೆಸರು ಎಮಿಲ್ ಹಾನ್ಸ್ ವಿಲ್ಲಿ ಹೆನ್ನಿಗ್. ಯಾವ ಜೀವಿ ಯಾವ ಜೀವಿಗೆ ಹತ್ತಿರದ ಬಂಧು ಎಂಬುದನ್ನು ನಿರ್ಧರಿಸಲು ಸ್ಪಷ್ಟವಾದ, ಇತರರು ಪರೀಕ್ಷಿಸಬಹುದಾದ ವಿಧಾನವೊಂದನ್ನು ಇವರು ರೂಪಿಸಿದರು. ಈ ವಿಧಾನಕ್ಕೆ ಇವರು ಕೊಟ್ಟ ಹೆಸರು ವಂಶಾನುಗತ ವರ್ಗೀಕರಣ. ಇಂದು ಅದು ಕ್ಲ್ಯಾಡಿಸ್ಟಿಕ್ಸ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾಗಿದೆ. ನೊಣ, ಸೊಳ್ಳೆ ಮುಂತಾದ ಎರಡು ರೆಕ್ಕೆಯ ಕೀಟಗಳ ಅಧ್ಯಯನದಲ್ಲಿಯೂ ಇವರು ತಮ್ಮ ಕಾಲದ ಅಗ್ರಗಣ್ಯ ತಜ್ಞರಲ್ಲಿ ಒಬ್ಬರಾಗಿದ್ದರು. ಪಕ್ಷಿಗಳು ಡೈನೋಸಾರ್‌ಗಳ ವಂಶಕ್ಕೆ ಸೇರಿದವು, ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರದ ಬಂಧು ಎಂದು ಇಂದಿನ ಪಠ್ಯಪುಸ್ತಕಗಳು ಹೇಳುವಾಗ ಅವುಗಳ ಹಿಂದೆ ಇರುವ ತರ್ಕ ಬಹುಮಟ್ಟಿಗೆ ಹೆನ್ನಿಗ್ ಅವರದು.

ಜನನ ಮತ್ತು ಬಾಲ್ಯ

ಹೆನ್ನಿಗ್ ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ಯೂರ್‌ಹೆನ್ನರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಎಮಿಲ್ ಹೆನ್ನಿಗ್ ರೈಲ್ವೆಯಲ್ಲಿ ನೌಕರರಾಗಿದ್ದರು. ತಾಯಿ ಎಮ್ಮಾ ಮನೆಗೆಲಸ ಮಾಡಿ, ಕಾರ್ಖಾನೆಯಲ್ಲಿ ದುಡಿದು ಸಂಸಾರಕ್ಕೆ ನೆರವಾದವರು. ಈ ದಂಪತಿಗಳ ಮೂವರು ಗಂಡುಮಕ್ಕಳಲ್ಲಿ ವಿಲ್ಲಿ ಹಿರಿಯರು. ತಮ್ಮಂದಿರಲ್ಲಿ ರುಡಾಲ್ಫ್ ಮುಂದೆ ಕ್ರೈಸ್ತ ಪಾದ್ರಿಯಾದರು. ಮತ್ತೊಬ್ಬ ತಮ್ಮ ಹೆರ್ಬರ್ಟ್ ಎರಡನೆಯ ಮಹಾಯುದ್ಧದಲ್ಲಿ ಸ್ಟಾಲಿನ್‌ಗ್ರಾಡ್ ರಣರಂಗದಲ್ಲಿ ಕಾಣೆಯಾಗಿ ಮರಳಿ ಬರಲಿಲ್ಲ.

ಪ್ರಾಥಮಿಕ ಶಿಕ್ಷಣ ಹುಟ್ಟೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ನಡೆಯಿತು. 1927ರಲ್ಲಿ ಡ್ರೆಸ್ಡೆನ್ ನಗರದ ಸಮೀಪದ ಕ್ಲೋಟ್ಶೆ ಎಂಬಲ್ಲಿನ ವಸತಿ ಪ್ರೌಢಶಾಲೆಗೆ ಸೇರಿದರು. ಬಡ ಕುಟುಂಬದ ಈ ಹುಡುಗನಿಗೆ ಕೀಟಗಳ ಬಗ್ಗೆ ಇದ್ದ ಕುತೂಹಲವನ್ನು ಅಲ್ಲಿನ ಅಧ್ಯಾಪಕರೊಬ್ಬರು ಗುರುತಿಸಿದರು. ಸ್ವತಃ ಕೀಟಾಸಕ್ತರಾಗಿದ್ದ ಅವರು ಡ್ರೆಸ್ಡೆನ್ನಿನ ಪ್ರಾಣಿವಿಜ್ಞಾನ ವಸ್ತುಸಂಗ್ರಹಾಲಯದ ವಿಜ್ಞಾನಿ ವಿಲ್ಹೆಲ್ಮ್ ಮೈಸೆ ಅವರಿಗೆ ಹೆನ್ನಿಗ್ ಅವರನ್ನು ಪರಿಚಯಿಸಿದರು. ಈ ಪರಿಚಯ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ವಸ್ತುಸಂಗ್ರಹಾಲಯದ ದಿನಗಳು

ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ ಹೆನ್ನಿಗ್ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರಾಗಿ ದುಡಿಯತೊಡಗಿದರು. ಮೈಸೆ ಅವರೊಂದಿಗೆ ಸೇರಿ ಒಂದು ಕುಲದ ಮರಹಾವುಗಳ ವರ್ಗೀಕರಣವನ್ನು ಪರಿಷ್ಕರಿಸಿದರು. ಆ ಲೇಖನ 1932ರಲ್ಲಿ, ಅವರು ಶಾಲೆ ಮುಗಿಸಿದ ವರ್ಷವೇ, ಪ್ರಕಟವಾಯಿತು. 1931ರಲ್ಲಿ ಶಾಲೆಗಾಗಿ ಬರೆದ ಒಂದು ಪ್ರಬಂಧದಲ್ಲಿ ಪ್ರಾಣಿವಿಜ್ಞಾನದೊಳಗೆ ವರ್ಗೀಕರಣದ ಸ್ಥಾನವೇನು ಎಂಬ ಪ್ರಶ್ನೆಯನ್ನು ಅವರು ಚರ್ಚಿಸಿದ್ದರು. ಹದಿನೆಂಟರ ವಯಸ್ಸಿನ ಈ ಬರಹ ಅವರ ಮರಣಾನಂತರ, 1978ರಲ್ಲಿ ಬೆಳಕು ಕಂಡಿತು. ಜೀವನದುದ್ದಕ್ಕೂ ಅವರನ್ನು ಕಾಡಿದ ಪ್ರಶ್ನೆಯ ಬೀಜ ಅದರಲ್ಲಿಯೇ ಇದೆ.

ಇದೇ ಸಂಗ್ರಹಾಲಯದಲ್ಲಿ ಕೀಟವಿಭಾಗದ ಹೊಣೆ ಹೊತ್ತಿದ್ದ ಫ್ರಿಟ್ಸ್ ಫಾನ್ ಎಮ್ಡನ್ ಅವರ ಪ್ರಭಾವದಿಂದ ಹೆನ್ನಿಗ್ ಎರಡು ರೆಕ್ಕೆಯ ಕೀಟಗಳತ್ತ ಹೊರಳಿದರು. 1933ರಲ್ಲಿ ನಾಜಿ ಆಡಳಿತದ ಜನಾಂಗೀಯ ನೀತಿಯಿಂದಾಗಿ ಫಾನ್ ಎಮ್ಡನ್ ಹುದ್ದೆ ಕಳೆದುಕೊಂಡರು. ಅನಂತರ ಅವರು ಇಂಗ್ಲೆಂಡಿಗೆ ವಲಸೆ ಹೋದರು. ಅವರ ಸ್ಥಾನಕ್ಕೆ ಬಂದ ಕ್ಲಾಸ್ ಗ್ಯುಂಥರ್ ಹೆನ್ನಿಗ್ ಅವರ ಆಜೀವ ಮಿತ್ರರಾದರು.

ಹೆನ್ನಿಗ್ ಅವರ ಆರಂಭದ ಕೆಲಸಗಳಲ್ಲಿ ಒಂದು ಕನ್ನಡಿಗರಿಗೆ ಪರಿಚಿತವಾದ ಪ್ರಾಣಿಗೆ ಸಂಬಂಧಿಸಿದುದು. 1936ರಲ್ಲಿ ಅವರು ಡ್ರಾಕೊ ಕುಲದ, ಅಂದರೆ ಹಾರುವ ಓತಿಗಳ, ವರ್ಗೀಕರಣದ ಪರಿಷ್ಕರಣೆಯನ್ನು ಪ್ರಕಟಿಸಿದರು. ಈ ಕುಲದ ಹೆಚ್ಚಿನ ಪ್ರಭೇದಗಳು ಆಗ್ನೇಯ ಏಷ್ಯಾದಲ್ಲಿವೆ. ಒಂದು ಪ್ರಭೇದ ಪಶ್ಚಿಮಘಟ್ಟದ ಕಾಡು ಮತ್ತು ಅಡಿಕೆ ತೋಟಗಳಲ್ಲಿ ವಾಸಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹುಡುಕಾಟಕ್ಕೆ ವಸ್ತುವಾದುದು ಹಾರುವ ಓತಿಯೇ.

ವಿಶ್ವವಿದ್ಯಾಲಯ ಶಿಕ್ಷಣ

1932ರಲ್ಲಿ ಹೆನ್ನಿಗ್ ಲೈಪ್ಜಿಗ್ ವಿಶ್ವವಿದ್ಯಾಲಯಕ್ಕೆ ಸೇರಿ ಪ್ರಾಣಿವಿಜ್ಞಾನ, ಸಸ್ಯವಿಜ್ಞಾನ ಮತ್ತು ಭೂವಿಜ್ಞಾನಗಳನ್ನು ಅಭ್ಯಾಸ ಮಾಡಿದರು. ನೊಣಗಳ ಸಂತಾನೋತ್ಪತ್ತಿ ಅಂಗಗಳ ರಚನೆಯನ್ನು ಕುರಿತ ಪ್ರಬಂಧಕ್ಕೆ 1936ರಲ್ಲಿ ಡಾಕ್ಟರೇಟ್ ಪಡೆದರು. 1937ರಲ್ಲಿ ಸಂಶೋಧನ ವೇತನ ದೊರೆತು ಬರ್ಲಿನ್ನಿನ ಡಾಹ್ಲೆಮ್ ಬಡಾವಣೆಯಲ್ಲಿದ್ದ ಜರ್ಮನ್ ಕೀಟವಿಜ್ಞಾನ ಸಂಸ್ಥೆಯನ್ನು ಸೇರಿದರು. 1939ರ ಮೇ ತಿಂಗಳಲ್ಲಿ ಲೈಪ್ಜಿಗ್‌ನ ಸಹಪಾಠಿ ಇರ್ಮಾ ವೇನರ್ಟ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ವೋಲ್ಫ್‌ಗಾಂಗ್, ಬೆರ್ನ್ಡ್ ಮತ್ತು ಗೆರ್ಡ್ ಎಂಬ ಮೂವರು ಮಕ್ಕಳು. ಹಿರಿಯ ಮಗ ವೋಲ್ಫ್‌ಗಾಂಗ್ ಮುಂದೆ ತಳಿವಿಜ್ಞಾನಿಯಾದರು.

ಯುದ್ಧ ಮತ್ತು ಸೆರೆವಾಸ

ಎರಡನೆಯ ಮಹಾಯುದ್ಧ ಆರಂಭವಾದಾಗ ಹೆನ್ನಿಗ್ ಕಾಲಾಳು ಪಡೆಯ ಸೈನಿಕರಾಗಿ ಯುದ್ಧಭೂಮಿಗೆ ಹೋಗಬೇಕಾಯಿತು. ಪೋಲೆಂಡ್, ಫ್ರಾನ್ಸ್, ಡೆನ್ಮಾರ್ಕ್ ಮತ್ತು ರಷ್ಯಾಗಳಲ್ಲಿ ಅವರು ಸೇವೆಯಲ್ಲಿದ್ದರು. 1942ರಲ್ಲಿ ರಷ್ಯಾದ ರಣರಂಗದಲ್ಲಿ ಸಿಡಿಗುಂಡಿನ ಚೂರು ತಗುಲಿ ಗಾಯಗೊಂಡರು. ಅನಂತರ ಸೈನ್ಯ ಅವರನ್ನು ಕೀಟವಿಜ್ಞಾನಿಯಾಗಿ ಬಳಸಿಕೊಂಡಿತು. ಸೊಳ್ಳೆಗಳಿಂದ ಹರಡುವ ಮಲೇರಿಯಾ ರೋಗವನ್ನು ತಡೆಗಟ್ಟುವ ಕಾರ್ಯಕ್ಕೆ ಯುದ್ಧದ ಕೊನೆಯ ಹಂತದಲ್ಲಿ ಅವರನ್ನು ಇಟಲಿಗೆ ಕಳುಹಿಸಲಾಯಿತು.

1945ರ ಮೇ ತಿಂಗಳಲ್ಲಿ ಉತ್ತರ ಇಟಲಿಯಲ್ಲಿ ಅವರು ಬ್ರಿಟಿಷರ ಕೈಸೆರೆಯಾದರು. ಆ ವರ್ಷದ ಶರತ್ಕಾಲದವರೆಗೆ ಯುದ್ಧಕೈದಿಯಾಗಿದ್ದರು. ಮಾದರಿ ಕೀಟಗಳ ಪೆಟ್ಟಿಗೆಗಳಾಗಲಿ, ಸಂಸ್ಥೆಯ ಗ್ರಂಥಾಲಯವಾಗಲಿ ಕೈಗೆಟುಕದ ಆ ಸ್ಥಿತಿಯಲ್ಲಿ ಅವರು ತಮ್ಮ ಸಿದ್ಧಾಂತದ ಮೊದಲ ಕರಡನ್ನು ಕೈಬರಹದಲ್ಲಿ ಬರೆಯತೊಡಗಿದರು. ವರ್ಷಾನುಗಟ್ಟಲೆ ನೊಣಗಳನ್ನು ವಿಂಗಡಿಸುವಾಗ ಮನಸ್ಸಿನಲ್ಲಿ ಕೂಡಿಟ್ಟ ವಿಚಾರಗಳಿಗೆ ಕ್ರಮಬದ್ಧ ರೂಪ ದೊರೆತದ್ದು ಇಲ್ಲಿ. ಮುಂದೆ ಜೀವಿವರ್ಗೀಕರಣದ ಚಹರೆಯನ್ನೇ ಬದಲಿಸಿದ ಗ್ರಂಥದ ಮೂಲ ಈ ಕರಡು.

ಆ ಕಾಲದ ವರ್ಗೀಕರಣದ ಸಮಸ್ಯೆ

ಎಲ್ಲ ಜೀವಿಗಳೂ ಪೂರ್ವಜರಿಂದ ಮಾರ್ಪಾಡುಗೊಳ್ಳುತ್ತ ಬಂದಿವೆ ಎಂಬ ವಿಚಾರವನ್ನು ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಮಂಡಿಸಿದ್ದರು. ನಿಜವಾದ ವರ್ಗೀಕರಣ ವಂಶಾವಳಿಯನ್ನು ಅನುಸರಿಸಬೇಕೆಂದೂ ಅವರು ಸೂಚಿಸಿದ್ದರು. 1866ರಲ್ಲಿ ಜರ್ಮನಿಯ ಎರ್ನ್ಸ್ಟ್ ಹೆಕೆಲ್ ಜೀವಿಗಳ ವಂಶವೃಕ್ಷಗಳನ್ನು ಚಿತ್ರಿಸಿದರು. ಆದರೆ ವೃಕ್ಷದ ಕೊಂಬೆಗಳನ್ನು ಎಲ್ಲಿ ಜೋಡಿಸಬೇಕು ಎಂಬುದಕ್ಕೆ ಒಪ್ಪಿತವಾದ ನಿಯಮ ಇರಲಿಲ್ಲ. ಒಬ್ಬ ತಜ್ಞರು ರೆಕ್ಕೆಗೆ ಪ್ರಾಮುಖ್ಯ ಕೊಟ್ಟರೆ ಮತ್ತೊಬ್ಬರು ಬಾಯಿಯ ರಚನೆಗೆ ಕೊಡುತ್ತಿದ್ದರು. ಇಬ್ಬರ ವೃಕ್ಷಗಳೂ ಬೇರೆಯಾದಾಗ ಯಾವುದು ಸರಿ ಎಂದು ತೀರ್ಮಾನಿಸುವ ಮಾರ್ಗವಿರಲಿಲ್ಲ. ಅನುಭವಿ ತಜ್ಞರ ಮಾತೇ ಪ್ರಮಾಣವಾಗುತ್ತಿತ್ತು.

ಇನ್ನೊಂದು ತೊಡಕು ಹೋಲಿಕೆಗೆ ಸಂಬಂಧಿಸಿದುದು. ಹೆಚ್ಚು ಹೋಲುವ ಜೀವಿಗಳು ಹತ್ತಿರದ ಬಂಧುಗಳು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತಿತ್ತು. ಆದರೆ ಹೋಲಿಕೆ ಯಾವಾಗಲೂ ನಂಟನ್ನು ತೋರಿಸುವುದಿಲ್ಲ. ತಿಮಿಂಗಿಲ ಮೀನನ್ನು ಹೋಲುತ್ತದೆ, ಆದರೆ ಅದು ಸಸ್ತನಿ. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ, ಆದರೆ ಎರಡೂ ರೆಕ್ಕೆಗಳು ಬೇರೆಬೇರೆಯಾಗಿ ಹುಟ್ಟಿದವು. ಹೋಲಿಕೆಗಳಲ್ಲಿ ನಂಟನ್ನು ಸಾರುವವು ಯಾವುವು, ದಾರಿ ತಪ್ಪಿಸುವವು ಯಾವುವು ಎಂಬುದನ್ನು ಬೇರ್ಪಡಿಸುವುದೇ ಹೆನ್ನಿಗ್ ಎದುರಿಸಿದ ಪ್ರಶ್ನೆ.

ಹೆನ್ನಿಗ್ ಅವರ ವಿಧಾನ

ಬಂಧುತ್ವದ ಅರ್ಥ: ಹೆನ್ನಿಗ್ ಮೊದಲು ಬಂಧುತ್ವ ಎಂಬ ಪದಕ್ಕೆ ಖಚಿತವಾದ ಅರ್ಥವನ್ನು ನಿಗದಿಪಡಿಸಿದರು. ಎರಡು ಜೀವಿಗಳಿಗೆ ಮೂರನೆಯದಕ್ಕೆ ಇಲ್ಲದ, ಅದಕ್ಕಿಂತ ಇತ್ತೀಚಿನ, ಸಮಾನ ಪೂರ್ವಜ ಇದ್ದರೆ ಆ ಎರಡು ಜೀವಿಗಳು ಪರಸ್ಪರ ಹತ್ತಿರದ ಬಂಧುಗಳು. ಮನುಷ್ಯರ ಸಂಬಂಧಗಳಲ್ಲಿಯೂ ಹೀಗೆಯೇ. ಒಡಹುಟ್ಟಿದವರಿಗೆ ತಂದೆತಾಯಿ ಸಮಾನರು, ಚಿಕ್ಕಪ್ಪನ ಮಗನೊಡನೆ ಸಮಾನರಾದವರು ಅಜ್ಜ ಅಜ್ಜಿ. ಚಿಕ್ಕಪ್ಪನ ಮಗ ನೋಡಲು ಒಡಹುಟ್ಟಿದವನಿಗಿಂತ ಹೆಚ್ಚು ಹೋಲಬಹುದು. ಆದರೂ ಒಡಹುಟ್ಟಿದವನೇ ಹತ್ತಿರದವನು. ಹೀಗೆ ನಂಟು ಎಂಬುದು ರೂಪದ ಪ್ರಶ್ನೆಯಲ್ಲ, ಕವಲೊಡೆದ ಕ್ರಮದ ಪ್ರಶ್ನೆ ಎಂದು ಹೆನ್ನಿಗ್ ಸ್ಪಷ್ಟಪಡಿಸಿದರು. ಒಂದೇ ಪೂರ್ವಜ ಪ್ರಭೇದ ಕವಲೊಡೆದಾಗ ಉಂಟಾಗುವ ಎರಡು ಶಾಖೆಗಳನ್ನು ಅವರು ಸೋದರ ಗುಂಪುಗಳು ಎಂದು ಕರೆದರು. ಸೋದರ ಗುಂಪುಗಳ ವಯಸ್ಸು ಒಂದೇ ಆಗಿರುತ್ತದೆ.

ಹಳೆಯ ಮತ್ತು ಹೊಸ ಲಕ್ಷಣಗಳು: ಕವಲೊಡೆದ ಕ್ರಮವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದನ್ನು ಲಕ್ಷಣಗಳಿಂದ ಊಹಿಸಬೇಕು. ಇದಕ್ಕಾಗಿ ಹೆನ್ನಿಗ್ ಲಕ್ಷಣಗಳನ್ನು ಎರಡಾಗಿ ವಿಂಗಡಿಸಿದರು. ದೂರದ ಪೂರ್ವಜರಿಂದ ಬದಲಾಗದೆ ಉಳಿದು ಬಂದ ಹಳೆಯ ಸ್ಥಿತಿ ಪ್ಲೀಸಿಯೊಮಾರ್ಫಿ. ಅದರಿಂದ ಮಾರ್ಪಟ್ಟು ಹೊಸದಾಗಿ ಉಂಟಾದ ಸ್ಥಿತಿ ಅಪೊಮಾರ್ಫಿ. ಎರಡು ಗುಂಪುಗಳು ಹಳೆಯ ಲಕ್ಷಣವನ್ನು ಹಂಚಿಕೊಂಡಿದ್ದರೆ ಅದರಿಂದ ಅವುಗಳ ವಿಶೇಷ ನಂಟು ಸಿದ್ಧವಾಗುವುದಿಲ್ಲ, ಏಕೆಂದರೆ ಆ ಲಕ್ಷಣ ಇತರ ಅನೇಕ ಗುಂಪುಗಳಲ್ಲಿಯೂ ಉಳಿದಿರಬಹುದು. ಹೊಸದಾಗಿ ಮೂಡಿದ ಲಕ್ಷಣವನ್ನು ಹಂಚಿಕೊಂಡಿದ್ದರೆ ಮಾತ್ರ ಅವು ಒಂದೇ ಇತ್ತೀಚಿನ ಪೂರ್ವಜನಿಂದ ಬಂದಿವೆ ಎನ್ನಲು ಆಧಾರ ದೊರೆಯುತ್ತದೆ. ಹೀಗೆ ಹಂಚಿಕೊಂಡ ಹೊಸ ಲಕ್ಷಣಕ್ಕೆ ಅವರು ಸಿನಪೊಮಾರ್ಫಿ ಎಂದು ಹೆಸರಿಟ್ಟರು. ಇಡೀ ವಿಧಾನದ ತಿರುಳು ಇದೇ.

ನೊಣದ ನಿದರ್ಶನ: ಹೆಚ್ಚಿನ ಕೀಟಗಳಿಗೆ ನಾಲ್ಕು ರೆಕ್ಕೆಗಳಿರುತ್ತವೆ. ನೊಣ, ಸೊಳ್ಳೆಗಳಿಗೆ ಎರಡೇ ರೆಕ್ಕೆ. ಇವುಗಳ ಹಿಂದಿನ ಜೋಡಿ ರೆಕ್ಕೆಗಳು ತುದಿ ದಪ್ಪಗಿರುವ ಪುಟ್ಟ ಕಡ್ಡಿಗಳಂತಾಗಿ, ಹಾರುವಾಗ ಸಮತೋಲನ ಕಾಯುವ ಅಂಗಗಳಾಗಿ ಮಾರ್ಪಟ್ಟಿವೆ. ನೊಣಕ್ಕೂ ಸೊಳ್ಳೆಗೂ ಆರು ಕಾಲುಗಳಿವೆ ಎಂಬುದು ಇವುಗಳ ವಿಶೇಷ ನಂಟಿಗೆ ಸಾಕ್ಷಿಯಲ್ಲ, ಏಕೆಂದರೆ ಆರು ಕಾಲುಗಳು ಜೇನುಹುಳು, ಚಿಟ್ಟೆ, ಜಿರಲೆಗಳಿಗೂ ಇವೆ. ಮಾರ್ಪಟ್ಟ ಹಿಂದಿನ ರೆಕ್ಕೆ ಮಾತ್ರ ಸಾಕ್ಷಿಯಾಗುತ್ತದೆ. ಸ್ಟ್ರೆಪ್ಸಿಪ್ಟೆರ ಎಂಬ ಪರಾವಲಂಬಿ ಕೀಟಗಳ ಗಂಡುಗಳಲ್ಲಿಯೂ ಇಂಥದೇ ಅಂಗಗಳಿವೆ. ಆದರೆ ಅಲ್ಲಿ ಮಾರ್ಪಟ್ಟಿರುವುದು ಮುಂದಿನ ಜೋಡಿ ರೆಕ್ಕೆ. ಆದುದರಿಂದ ಅದು ಸ್ವತಂತ್ರವಾಗಿ ಉಂಟಾದ ಹೋಲಿಕೆ, ನಂಟಿನ ಗುರುತಲ್ಲ.

ಹಳೆಯದು ಹೊಸದು ಎಂದು ತಿಳಿಯುವ ಬಗೆ: ಒಂದು ಲಕ್ಷಣದ ಎರಡು ಸ್ಥಿತಿಗಳಲ್ಲಿ ಯಾವುದು ಹಳೆಯದು ಎಂದು ತಿಳಿಯಲು ಹೆನ್ನಿಗ್ ಹಲವು ಮಾರ್ಗಗಳನ್ನು ಚರ್ಚಿಸಿದರು. ಪಳೆಯುಳಿಕೆಗಳಲ್ಲಿ ಯಾವುದು ಮೊದಲು ಕಾಣಿಸಿಕೊಂಡಿದೆ ಎಂಬುದು ಒಂದು. ಜೀವಿಯ ಬೆಳವಣಿಗೆಯಲ್ಲಿ ಯಾವುದು ಮೊದಲು ಬರುತ್ತದೆ ಎಂಬುದು ಮತ್ತೊಂದು. ಪ್ರಭೇದಗಳ ಭೌಗೋಳಿಕ ಹರಡುವಿಕೆಯಿಂದ ದೊರೆಯುವ ಸುಳಿವು ಮೂರನೆಯದು. ಒಂದು ಲಕ್ಷಣದ ಮಾರ್ಪಾಡಿನ ಸರಣಿಯನ್ನು ಇತರ ಲಕ್ಷಣಗಳ ಸರಣಿಗಳೊಡನೆ ತಾಳೆ ನೋಡುವುದು ನಾಲ್ಕನೆಯದು. ಪರಿಶೀಲಿಸುತ್ತಿರುವ ಗುಂಪಿನ ಹೊರಗಿನ ಬಂಧುಗಳೊಡನೆ ಹೋಲಿಸಿ ನೋಡುವ ಕ್ರಮವನ್ನು ಅನಂತರದ ವಿಜ್ಞಾನಿಗಳು ಬೆಳೆಸಿದರು. ಇಂದು ಅದೇ ಹೆಚ್ಚು ಬಳಕೆಯಲ್ಲಿದೆ.

ಒಂದೇ ಲಕ್ಷಣವನ್ನು ನಂಬಿ ಹೊರಟರೆ ತಪ್ಪಾಗುವ ಸಂಭವವಿದೆ. ಮೊಸಳೆ ಮತ್ತು ಹಕ್ಕಿಗಳ ಹೃದಯಕ್ಕೆ ನಾಲ್ಕು ಕೋಣೆಗಳಿವೆ, ಸಸ್ತನಿಗಳ ಹೃದಯಕ್ಕೂ ನಾಲ್ಕು ಕೋಣೆಗಳಿವೆ. ಆದರೆ ಇತರ ಲಕ್ಷಣಗಳನ್ನೆಲ್ಲ ಜೊತೆಗಿಟ್ಟು ನೋಡಿದಾಗ ಸಸ್ತನಿಗಳಲ್ಲಿ ಅದು ಬೇರೆಯಾಗಿ ಉಂಟಾಯಿತೆಂದು ತಿಳಿಯುತ್ತದೆ. ಆದುದರಿಂದ ಅನೇಕ ಲಕ್ಷಣಗಳನ್ನು ಪರಿಶೀಲಿಸಿ, ಒಂದರ ಬೆಳಕಿನಲ್ಲಿ ಇನ್ನೊಂದನ್ನು ಮರುಪರೀಕ್ಷಿಸುತ್ತ ಹೋಗಬೇಕೆಂದು ಹೆನ್ನಿಗ್ ವಿವರಿಸಿದರು. ಹಾಗೆಂದು ಕಾರಣವಿಲ್ಲದೆ ಪ್ರತಿಯೊಂದು ಹೋಲಿಕೆಯನ್ನೂ ಆಕಸ್ಮಿಕವೆಂದು ತಳ್ಳಿಹಾಕಬಾರದು. ವಿರುದ್ಧ ಸಾಕ್ಷ್ಯ ಸಿಗುವವರೆಗೆ ಅದನ್ನು ನಂಟಿನ ಗುರುತೆಂದೇ ಭಾವಿಸಬೇಕು ಎಂಬುದು ಅವರ ನಿಲುವು.

ಮರಿಹುಳು ಮತ್ತು ಪ್ರೌಢಕೀಟ: ಕೀಟಗಳ ಮರಿಹುಳುಗಳನ್ನು ಅಧ್ಯಯನ ಮಾಡುವವರು ಒಂದು ರೀತಿಯ ವರ್ಗೀಕರಣವನ್ನೂ ಪ್ರೌಢಕೀಟಗಳನ್ನು ಅಧ್ಯಯನ ಮಾಡುವವರು ಇನ್ನೊಂದನ್ನೂ ಮುಂದಿಡುತ್ತಿದ್ದುದು ಹೆನ್ನಿಗ್ ಅವರ ಅನುಭವಕ್ಕೆ ಬಂದಿತ್ತು. ನೀರಿನಲ್ಲಿ ಈಜುವ ಸೊಳ್ಳೆಯ ಮರಿಯೂ ಗಾಳಿಯಲ್ಲಿ ಹಾರುವ ಸೊಳ್ಳೆಯೂ ಒಂದೇ ಜೀವಿಯ ಎರಡು ಹಂತಗಳು. ಅವುಗಳ ಇತಿಹಾಸ ಒಂದೇ ಆಗಿರುವಾಗ ವಂಶವೃಕ್ಷ ಎರಡಾಗಲು ಸಾಧ್ಯವಿಲ್ಲ. ಆದುದರಿಂದ ವರ್ಗೀಕರಣದ ಮೂಲ ಘಟಕ ಬದುಕಿನ ಒಂದು ನಿರ್ದಿಷ್ಟ ಹಂತದಲ್ಲಿರುವ ಜೀವಿ ಎಂದು ಅವರು ಪರಿಗಣಿಸಿದರು. ಎಲ್ಲ ಹಂತಗಳ ಲಕ್ಷಣಗಳನ್ನೂ ಕೂಡಿಸಿ ನೋಡಬೇಕೆಂದು ಸೂಚಿಸಿದರು.

ಒಪ್ಪತಕ್ಕ ಗುಂಪುಗಳು: ಒಬ್ಬ ಪೂರ್ವಜ ಮತ್ತು ಆ ಪೂರ್ವಜನ ಎಲ್ಲ ಸಂತತಿಯನ್ನೂ ಒಳಗೊಂಡ ಗುಂಪಿಗೆ ಏಕಮೂಲ ಗುಂಪು ಎಂದು ಹೆಸರು. ವರ್ಗೀಕರಣದಲ್ಲಿ ಇಂತಹ ಗುಂಪುಗಳಿಗೆ ಮಾತ್ರ ಸ್ಥಾನವಿರಬೇಕು ಎಂಬುದು ಹೆನ್ನಿಗ್ ಅವರ ಖಚಿತ ನಿಲುವು. ಸಂತತಿಯ ಒಂದು ಭಾಗವನ್ನು ಹೊರಗಿಟ್ಟ ಗುಂಪನ್ನು ಅವರು ಪ್ಯಾರಾಫೈಲೆಟಿಕ್ ಎಂದು ಕರೆದರು. ಮೀನು, ಸರೀಸೃಪ ಎಂಬ ಹಳೆಯ ಗುಂಪುಗಳು ಇಂಥವು. ಮೊಸಳೆಗೆ ಹತ್ತಿರದ ಬಂಧುವಾದ ಹಕ್ಕಿಯನ್ನು ಹೊರಗಿಟ್ಟು ಹಲ್ಲಿ, ಹಾವು, ಆಮೆ, ಮೊಸಳೆಗಳನ್ನು ಒಂದು ಗುಂಪು ಮಾಡಿದರೆ ಅದು ವಂಶದ ನಿಜವಾದ ಶಾಖೆಯಾಗುವುದಿಲ್ಲ.

ಈ ವಿಚಾರಗಳಲ್ಲಿ ಕೆಲವು ಹೆನ್ನಿಗ್ ಅವರಿಗಿಂತ ಮೊದಲೇ ಬಿಡಿಬಿಡಿಯಾಗಿ ಕಾಣಿಸಿಕೊಂಡಿದ್ದವು. ಜರ್ಮನಿಯ ಸಸ್ಯವಿಜ್ಞಾನಿ ವಾಲ್ಟರ್ ಜಿಮ್ಮರ್‌ಮನ್ ಅವರ ಬರಹಗಳಿಗೆ ತಾವು ಋಣಿ ಎಂಬುದನ್ನು ಹೆನ್ನಿಗ್ ಮರೆಮಾಚಲಿಲ್ಲ. ಬಿಡಿ ವಿಚಾರಗಳನ್ನು ಒಂದು ಸಂಪೂರ್ಣ ವ್ಯವಸ್ಥೆಯಾಗಿ ಕಟ್ಟಿ, ಅದನ್ನು ಸಾವಿರಾರು ಕೀಟಪ್ರಭೇದಗಳ ಮೇಲೆ ಪ್ರಯೋಗಿಸಿ ತೋರಿಸಿದ್ದು ಅವರ ಸಾಧನೆ.

1950ರ ಗ್ರಂಥ

ಸೆರೆಯಿಂದ ಬಿಡುಗಡೆಯಾದ ಮೇಲೆ ಹೆನ್ನಿಗ್ ಕೆಲಕಾಲ ಲೈಪ್ಜಿಗ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. 1947ರಲ್ಲಿ ಬರ್ಲಿನ್ನಿನ ಕೀಟವಿಜ್ಞಾನ ಸಂಸ್ಥೆಗೆ ಮರಳಿದರು. 1949ರಲ್ಲಿ ಅಲ್ಲಿನ ವರ್ಗೀಕರಣ ವಿಭಾಗದ ಮುಖ್ಯಸ್ಥರಾದರು. ಎರಡು ರೆಕ್ಕೆಯ ಕೀಟಗಳ ಮರಿಹುಳುಗಳನ್ನು ಕುರಿತ ಅವರ ಬೃಹತ್ ಕೃತಿ 1948ರಿಂದ 1952ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು.

ಸೆರೆಯಲ್ಲಿ ಆರಂಭಿಸಿದ ಗ್ರಂಥ 1950ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ವಂಶಾನುಗತ ವರ್ಗೀಕರಣ ಸಿದ್ಧಾಂತದ ಮೂಲತತ್ತ್ವಗಳು ಎಂಬುದು ಅದರ ಜರ್ಮನ್ ಶೀರ್ಷಿಕೆಯ ಅರ್ಥ. ಯುದ್ಧದಿಂದ ಜರ್ಜರಿತವಾಗಿದ್ದ, ಎರಡು ರಾಷ್ಟ್ರಗಳಾಗಿ ಒಡೆದಿದ್ದ ಜರ್ಮನಿಯಲ್ಲಿ ಹೊರಬಂದ ಈ ಪುಸ್ತಕ ಹೊರದೇಶಗಳನ್ನು ಸುಲಭವಾಗಿ ತಲುಪಲಿಲ್ಲ. ಅದರ ಭಾಷೆ ಕ್ಲಿಷ್ಟವಾಗಿತ್ತು. ಹೊಸದಾಗಿ ರಚಿಸಿದ ಪಾರಿಭಾಷಿಕ ಪದಗಳು ಓದುಗರನ್ನು ದೂರವಿಟ್ಟವು. ಇಂಗ್ಲಿಷ್ ಮಾತ್ರ ಬಲ್ಲ ವಿಜ್ಞಾನಿಗಳಿಗೆ ಅದು ಇದ್ದೂ ಇಲ್ಲದಂತಾಯಿತು. ಹೀಗೆ ಹದಿನೈದು ವರ್ಷಗಳ ಕಾಲ ಈ ಸಿದ್ಧಾಂತ ಕೆಲವೇ ತಜ್ಞರ ನಡುವೆ ಉಳಿಯಿತು. ಹೆನ್ನಿಗ್ ವಾದವಿವಾದಗಳಲ್ಲಿ ಕಾಲ ಕಳೆಯದೆ ತಮ್ಮ ವಿಧಾನವನ್ನು ನೊಣಗಳ ಕುಟುಂಬಗಳ ಮೇಲೆ ಒಂದೊಂದಾಗಿ ಪ್ರಯೋಗಿಸುತ್ತ ಹೋದರು.

ಬರ್ಲಿನ್ ಗೋಡೆ

ಹೆನ್ನಿಗ್ ಅವರ ಮನೆ ಪಶ್ಚಿಮ ಬರ್ಲಿನ್ನಿನಲ್ಲಿತ್ತು. ಅವರು ದುಡಿಯುತ್ತಿದ್ದ ಸಂಸ್ಥೆ ಆಗ ಪೂರ್ವ ಬರ್ಲಿನ್ನಿನ ಫ್ರೀಡ್ರಿಖ್ಸ್‌ಹಾಗೆನ್ ಎಂಬಲ್ಲಿತ್ತು. ಅನೇಕ ವರ್ಷಗಳ ಕಾಲ ಅವರು ನಗರದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಿಬರುತ್ತಿದ್ದರು. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರ್ಕಾರ ನಗರದ ಮಧ್ಯೆ ಗಡಿಯನ್ನು ಮುಚ್ಚಿ ಗೋಡೆ ಕಟ್ಟಲು ಆರಂಭಿಸಿತು. ಹೆನ್ನಿಗ್ ಪೂರ್ವದ ಹುದ್ದೆಯನ್ನು ತ್ಯಜಿಸಿ ಪಶ್ಚಿಮದಲ್ಲಿಯೇ ಉಳಿಯಲು ನಿರ್ಧರಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂಟಿದ್ದ ಸಂಸ್ಥೆ, ಅಲ್ಲಿನ ಕೀಟಸಂಗ್ರಹ ಮತ್ತು ಗ್ರಂಥಾಲಯ ಗೋಡೆಯ ಆಚೆಗೆ ಉಳಿದವು. ಹೋಲಿಸಿ ನೋಡುವ ಮಾದರಿಗಳೇ ಜೀವಾಳವಾದ ಈ ಶಾಸ್ತ್ರದಲ್ಲಿ ಇದು ಸಣ್ಣ ನಷ್ಟವಲ್ಲ. ಆಗ ಅವರ ವಯಸ್ಸು 48.

ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಾತ್ಕಾಲಿಕ ಹುದ್ದೆಯೊಂದು ದೊರೆಯಿತು. 1963ರಲ್ಲಿ ಸ್ಟುಟ್‌ಗಾರ್ಟ್‌ನ ರಾಜ್ಯ ನಿಸರ್ಗವಿಜ್ಞಾನ ವಸ್ತುಸಂಗ್ರಹಾಲಯ ಅವರನ್ನು ಬರಮಾಡಿಕೊಂಡಿತು. ಸಮೀಪದ ಲುಡ್ವಿಗ್ಸ್‌ಬುರ್ಗ್ ಪಟ್ಟಣದಲ್ಲಿ ವಂಶೇತಿಹಾಸ ಸಂಶೋಧನೆಗೆಂದೇ ತೆರೆದ ವಿಭಾಗದ ಹೊಣೆಯನ್ನು ಅವರು ಹೊತ್ತರು. ಬದುಕಿನ ಉಳಿದ ವರ್ಷಗಳನ್ನು ಅಲ್ಲಿಯೇ ಕಳೆದರು. ಅಂಬರ್ ಎಂಬ, ಕಲ್ಲಾಗಿ ಗಟ್ಟಿಯಾದ ಪುರಾತನ ಮರದ ರಾಳದಲ್ಲಿ ಸಿಲುಕಿ ಉಳಿದ ನೊಣಗಳನ್ನು ಅವರು ಇಲ್ಲಿ ಅಧ್ಯಯನ ಮಾಡಿದರು. ಬಾಲ್ಟಿಕ್ ತೀರದ ಅಂಬರ್ ಮತ್ತು ಅದಕ್ಕಿಂತ ಬಹಳ ಹಳೆಯದಾದ ಲೆಬನಾನಿನ ಅಂಬರ್ ಇವೆರಡರಲ್ಲಿ ದೊರೆತ ಕೀಟಗಳು, ಯಾವ ಗುಂಪು ಕನಿಷ್ಠ ಎಷ್ಟು ಪ್ರಾಚೀನ ಎಂದು ತಿಳಿಯಲು ನೆರವಾದವು. ಒಂದು ಗುಂಪಿನ ಪಳೆಯುಳಿಕೆ ಸಿಕ್ಕಿದರೆ ಅದರ ಸೋದರ ಗುಂಪೂ ಆ ಕಾಲದಲ್ಲಿ ಇದ್ದಿರಲೇಬೇಕು.

ಇಂಗ್ಲಿಷ್ ಅನುವಾದ ಮತ್ತು ಪ್ರಸಾರ

1965ರಲ್ಲಿ ಹೆನ್ನಿಗ್ ಅವರ ಸಿದ್ಧಾಂತದ ಸಂಕ್ಷಿಪ್ತ ನಿರೂಪಣೆಯೊಂದು ಕೀಟವಿಜ್ಞಾನದ ವಾರ್ಷಿಕ ಸಂಚಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1966ರಲ್ಲಿ ಅವರ ಪರಿಷ್ಕೃತ ಹಸ್ತಪ್ರತಿಯ ಇಂಗ್ಲಿಷ್ ಅನುವಾದ ‘ಫೈಲೋಜೆನೆಟಿಕ್ ಸಿಸ್ಟಮ್ಯಾಟಿಕ್ಸ್’ ಎಂಬ ಹೆಸರಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಹೊರಬಂದಿತು. ಡ್ವೈಟ್ ಡೇವಿಸ್ ಮತ್ತು ರೈನರ್ ಝಾಂಗೆರ್ಲ್ ಇದರ ಅನುವಾದಕರು. ಈ ಹಸ್ತಪ್ರತಿಯ ಜರ್ಮನ್ ಮೂಲ ಹೆನ್ನಿಗ್ ಅವರ ಮಗ ವೋಲ್ಫ್‌ಗಾಂಗ್ ಅವರ ಸಂಪಾದಕತ್ವದಲ್ಲಿ ಪುಸ್ತಕವಾದದ್ದು 1982ರಲ್ಲಿ.

ಅದೇ 1966ರಲ್ಲಿ ಸ್ವೀಡನ್ನಿನ ಕೀಟವಿಜ್ಞಾನಿ ಲಾರ್ಸ್ ಬ್ರುಂಡಿನ್ ಅವರ ಗ್ರಂಥವೂ ಪ್ರಕಟವಾಯಿತು. ದಕ್ಷಿಣ ಅಮೆರಿಕ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಪುಟ್ಟ ಕೀಟಗಳ ನಂಟನ್ನು ಅವರು ಹೆನ್ನಿಗ್ ವಿಧಾನದಿಂದ ನಿರ್ಧರಿಸಿದ್ದರು. ಈ ಭೂಭಾಗಗಳು ಹಿಂದೆ ಅಂಟಾರ್ಕ್ಟಿಕದ ಮೂಲಕ ಜೋಡಿಸಿಕೊಂಡಿದ್ದವು ಎಂಬ ವಿಚಾರಕ್ಕೆ ಅದರಿಂದ ಪುಷ್ಟಿ ದೊರೆಯಿತು. ಅಮೂರ್ತವೆಂದು ಕಂಡಿದ್ದ ಸಿದ್ಧಾಂತ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನವಾಯಿತು. ನ್ಯೂಯಾರ್ಕ್‌ನ ಗ್ಯಾರೆತ್ ನೆಲ್ಸನ್, ಲಂಡನ್ನಿನ ಕಾಲಿನ್ ಪ್ಯಾಟರ್ಸನ್ ಮುಂತಾದ ಮೀನುತಜ್ಞರು ಈ ವಿಧಾನವನ್ನು ಕೀಟಗಳಾಚೆಗೆ ಕೊಂಡೊಯ್ದರು.

ವಾದವಿವಾದ

1970ರ ದಶಕದಲ್ಲಿ ಹೆನ್ನಿಗ್ ಅವರ ವಿಚಾರಗಳು ತೀವ್ರ ಚರ್ಚೆಗೆ ಒಳಗಾದವು. ಎರ್ನ್ಸ್ಟ್ ಮಾಯರ್ ಮುಂತಾದ ಹಿರಿಯ ಜೀವವಿಜ್ಞಾನಿಗಳು ನಂಟನ್ನು ಪತ್ತೆಹಚ್ಚುವ ಅವರ ವಿಧಾನವನ್ನು ಮೆಚ್ಚಿದರೂ ವರ್ಗೀಕರಣಕ್ಕೆ ಅದೊಂದೇ ಆಧಾರವಾಗುವುದನ್ನು ಒಪ್ಪಲಿಲ್ಲ. ಹಕ್ಕಿಗಳು ಗರಿ, ರೆಕ್ಕೆ, ಬಿಸಿರಕ್ತ ಪಡೆದು ಮೊಸಳೆಗಳಿಂದ ಬಹುದೂರ ಸಾಗಿವೆ. ಈ ಮಾರ್ಪಾಡಿನ ಪ್ರಮಾಣಕ್ಕೂ ವರ್ಗೀಕರಣದಲ್ಲಿ ಬೆಲೆಯಿರಬೇಕು ಎಂಬುದು ಮಾಯರ್ ಅವರ ವಾದ. ಮಾರ್ಪಾಡು ಎಷ್ಟು ದೊಡ್ಡದು ಎಂದು ಅಳೆಯಲು ಎಲ್ಲರೂ ಒಪ್ಪುವ ಮಾನದಂಡವಿಲ್ಲ, ಕವಲೊಡೆದ ಕ್ರಮ ಮಾತ್ರ ಇತಿಹಾಸದ ನಿಜಸಂಗತಿ ಎಂಬುದು ಹೆನ್ನಿಗ್ ಅವರ ನಿಲುವು. ಮಾಯರ್ ಅವರ 1974ರ ವಿಮರ್ಶೆಗೆ ಹೆನ್ನಿಗ್ ಬರೆದ ಉತ್ತರ 1975ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಇನ್ನೊಂದು ಕಡೆಯಿಂದ ರಾಬರ್ಟ್ ಸೋಕಲ್ ಮತ್ತು ಪೀಟರ್ ಸ್ನೀತ್ ಅವರ ಸಂಖ್ಯಾಧಾರಿತ ಪಂಥ ಸ್ಪರ್ಧೆಗೆ ನಿಂತಿತ್ತು. ಇತಿಹಾಸವನ್ನು ಊಹಿಸುವ ಗೊಡವೆ ಬೇಡ, ಸಾಧ್ಯವಾದಷ್ಟು ಲಕ್ಷಣಗಳನ್ನು ಎಣಿಸಿ ಒಟ್ಟು ಹೋಲಿಕೆಯನ್ನು ಗಣಕದಿಂದ ಲೆಕ್ಕಹಾಕಿದರೆ ಸಾಕು ಎಂದು ಅವರು 1963ರ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ಹಳೆಯ ಲಕ್ಷಣಗಳನ್ನೂ ಹೊಸ ಲಕ್ಷಣಗಳನ್ನೂ ಒಟ್ಟಿಗೆ ಎಣಿಸಿದರೆ ನಿಜವಾದ ನಂಟು ಮರೆಯಾಗಬಹುದು ಎಂಬುದು ಹೆನ್ನಿಗ್ ಅನುಯಾಯಿಗಳ ಆಕ್ಷೇಪಣೆ. ವಿಚಿತ್ರವೆಂದರೆ ಗಣಕದ ಬಳಕೆಯನ್ನು ಮುಂದೆ ಹೆನ್ನಿಗ್ ಪಂಥದವರೂ ಸ್ವೀಕರಿಸಿದರು. ಕ್ಲ್ಯಾಡಿಸ್ಟ್ ಎಂಬ ಹೆಸರು ಮೊದಲು ಇತರರು ಅವರಿಗೆ ಅಂಟಿಸಿದ್ದು, ಕ್ರಮೇಣ ಅವರೇ ಅದನ್ನು ಒಪ್ಪಿಕೊಂಡರು.

ಕೊನೆಯ ವರ್ಷಗಳು

ಹೆನ್ನಿಗ್ ಮಿತಭಾಷಿಗಳು, ಸಂಕೋಚ ಸ್ವಭಾವದವರು. ಸಭೆ ಸಮಾರಂಭಗಳಿಗಿಂತ ಸೂಕ್ಷ್ಮದರ್ಶಕದ ಮುಂದಿನ ಕೆಲಸ ಅವರಿಗೆ ಪ್ರಿಯವಾಗಿತ್ತು. 1967ರಲ್ಲಿ ಕೆನಡಾದ ಒಟ್ಟಾವಕ್ಕೆ ಸಂಶೋಧನೆಗಾಗಿ ತೆರಳಿದರು. 1972ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ನಡೆದ ಅಂತರರಾಷ್ಟ್ರೀಯ ಕೀಟವಿಜ್ಞಾನ ಸಮ್ಮೇಳನದಲ್ಲಿ ಭಾಗವಹಿಸಿದರು. ಕೀಟಗಳ ವಂಶೇತಿಹಾಸವನ್ನು ಕುರಿತ ಅವರ ಮಹತ್ತ್ವದ ಗ್ರಂಥ 1969ರಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ 1981ರಲ್ಲಿ ಬಂದಿತು. 1968ರಲ್ಲಿ ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕರಾದರು. 1974ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪದಕ ಅವರಿಗೆ ಸಂದಿತು.

1976ರ ನವೆಂಬರ್ 5ರಂದು ಲುಡ್ವಿಗ್ಸ್‌ಬುರ್ಗ್‌ನಲ್ಲಿ ಹೃದಯಾಘಾತದಿಂದ ಹೆನ್ನಿಗ್ ನಿಧನರಾದರು. ಆಗ ಅವರಿಗೆ 63 ವರ್ಷ. ಟ್ಯೂಬಿಂಗನ್ ನಗರದಲ್ಲಿ ಅವರ ಸಮಾಧಿಯಿದೆ. ಅವರ ವಿಚಾರಗಳ ಸುತ್ತಲಿನ ವಿವಾದ ಆಗಿನ್ನೂ ಮುಗಿದಿರಲಿಲ್ಲ.

ಪ್ರಭಾವ

ಹೆನ್ನಿಗ್ ಅವರ ನೆನಪಿಗಾಗಿ 1980ರಲ್ಲಿ ವಿಲ್ಲಿ ಹೆನ್ನಿಗ್ ಸೊಸೈಟಿ ಸ್ಥಾಪನೆಯಾಯಿತು. ಅದರ ‘ಕ್ಲ್ಯಾಡಿಸ್ಟಿಕ್ಸ್’ ಪತ್ರಿಕೆ 1985ರಿಂದ ಹೊರಬರುತ್ತಿದೆ. ಏಕಮೂಲ ಗುಂಪು, ಸೋದರ ಗುಂಪು, ಹಂಚಿಕೊಂಡ ಹೊಸ ಲಕ್ಷಣ ಎಂಬ ಪರಿಕಲ್ಪನೆಗಳು ಇಂದು ಜೀವವಿಜ್ಞಾನದ ಸಾಮಾನ್ಯ ಭಾಷೆಯ ಅಂಗವಾಗಿವೆ.

ಹೆನ್ನಿಗ್ ತಮ್ಮ ವೃಕ್ಷಗಳನ್ನು ಕೈಯಿಂದಲೇ ಬಿಡಿಸುತ್ತಿದ್ದರು. ಪ್ರಭೇದಗಳ ಸಂಖ್ಯೆ ಹೆಚ್ಚಿದಂತೆ ಸಾಧ್ಯವಿರುವ ವೃಕ್ಷಗಳ ಸಂಖ್ಯೆ ಅಗಾಧವಾಗಿ ಬೆಳೆಯುತ್ತದೆ. ಮೂರು ಪ್ರಭೇದಗಳನ್ನು ಕವಲುಗಳಾಗಿ ಜೋಡಿಸಲು 3 ಬಗೆಗಳಿವೆ. ಹತ್ತು ಪ್ರಭೇದಗಳಿಗೆ ಅದು 3 ಕೋಟಿ 44 ಲಕ್ಷವನ್ನು ಮೀರುತ್ತದೆ. ಆದುದರಿಂದ ಈಗ ಗಣಕಗಳ ನೆರವು ಅನಿವಾರ್ಯ. ಅತಿ ಕಡಿಮೆ ಮಾರ್ಪಾಡುಗಳಿಂದ ಲಕ್ಷಣಗಳನ್ನು ವಿವರಿಸುವ ವೃಕ್ಷವನ್ನು ಹುಡುಕುವುದು ಒಂದು ಕ್ರಮ. ಮಾರ್ಪಾಡುಗಳ ಸಂಭವನೀಯತೆಯನ್ನು ಲೆಕ್ಕಹಾಕಿ ವೃಕ್ಷವನ್ನು ಆರಿಸುವುದು ಇನ್ನೊಂದು. ದೇಹದ ರಚನೆಯ ಜೊತೆಗೆ ಡಿಎನ್‌ಎ ಅಣುವಿನ ಅಕ್ಷರಕ್ರಮವೂ ಈಗ ಸಾಕ್ಷ್ಯವಾಗಿ ಬಳಕೆಯಾಗುತ್ತದೆ. ತಿಮಿಂಗಿಲಕ್ಕೆ ಬದುಕಿರುವ ಪ್ರಾಣಿಗಳಲ್ಲಿ ನೀರಾನೆಯೇ ಅತಿ ಹತ್ತಿರದ ಬಂಧು ಎಂದು ಸ್ಥಿರಪಟ್ಟದ್ದು ಹೀಗೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಬ್ಯಾಕ್ಟೀರಿಯಗಳು ಬಂಧುಗಳಲ್ಲದ ಇತರ ಬ್ಯಾಕ್ಟೀರಿಯಗಳಿಂದಲೂ ವಂಶವಾಹಿಗಳನ್ನು ಪಡೆಯುತ್ತವೆ. ಸಸ್ಯಗಳಲ್ಲಿ ಎರಡು ಪ್ರಭೇದಗಳು ಬೆರೆತು ಹೊಸ ಪ್ರಭೇದ ಹುಟ್ಟುವುದುಂಟು. ಇಂತಹ ಕಡೆ ಕವಲೊಡೆಯುವ ವೃಕ್ಷಕ್ಕಿಂತ ಬಲೆಯ ಚಿತ್ರ ಹೆಚ್ಚು ಹೊಂದುತ್ತದೆ. ಲೆಕ್ಕಾಚಾರದ ಕ್ರಮಗಳೂ ಹೆನ್ನಿಗ್ ಕಾಲದಿಂದ ಬಹಳ ಬದಲಾಗಿವೆ. ಆದರೂ ವರ್ಗೀಕರಣ ವಂಶೇತಿಹಾಸವನ್ನು ಪ್ರತಿಬಿಂಬಿಸಬೇಕು, ಪ್ರತಿಯೊಂದು ಕವಲಿಗೂ ಇತರರು ಪರೀಕ್ಷಿಸಬಲ್ಲ ಸಾಕ್ಷ್ಯವನ್ನು ಮುಂದಿಡಬೇಕು ಎಂಬ ಅವರ ಬೇಡಿಕೆ ಹಾಗೆಯೇ ಉಳಿದಿದೆ. ಹೊಸ ಪ್ರಭೇದವೊಂದನ್ನು ವಿವರಿಸುವ ವಿಜ್ಞಾನಿ ಇಂದು ಅದು ಯಾವುದರ ಬಂಧು ಎಂದು ಹೇಳಿದರೆ ಸಾಲದು, ಯಾವ ಲಕ್ಷಣದ ಆಧಾರದ ಮೇಲೆ ಹಾಗೆ ಹೇಳುತ್ತಿರುವುದು ಎಂಬುದನ್ನೂ ತೋರಿಸಬೇಕು.